ಮಸ್ಕತ್ ಗಮ್ಮು ಮತ್ತು ಮಾವನ ಹೊಗೆಸೊಪ್ಪು

ಜಡೆ
27-4-1997, ಭಾನುವಾರ

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಗಂಗಾ ಇಲ್ಲಿಂದಲೇ ಅಡ್ಡಬಿದ್ದಿದ್ದಾಳೆ. ಶಿಕಾರಿಪುರದಿಂದ ನೀವು "ಏಳಮ್ಮ" ಅನ್ನುವ ತನಕ ಏಳುವುದಿಲ್ಲ. ಮದುವೆಯಾಗಿ ಎರಡೂವರೆ ತಿಂಗಳಾಯಿತು, ನಿಮ್ಮಿಂದ ಮೂರು ಇನ್‌ಲ್ಯಾಂಡ್ ಬಂದವು, ನನ್ನಿಂದ ಒಂದೂ ಹೋಗಲಿಲ್ಲ. ಬೈಯಿರಿ, ಆದರೆ ಸ್ವಲ್ಪವೇ ಬೈಯಿರಿ. ಮಿಲ್ಲಿನ ಫೋನಿನಲ್ಲಿ ಮಾತಾಡಿದ್ದನ್ನು ಮಾತು ಅನ್ನಲಾಗದು. ಭತ್ತದ ಚೀಲಗಳ ಮೇಲೆ ಹತ್ತು ಜನ ಕೂತು ಕಿವಿ ನಿಮಿರಿಸಿಕೊಂಡಿರುವಾಗ "ಊಟ ಆಯ್ತಾ, ಅಮ್ಮ ಹೇಗಿದ್ದಾಳೆ" ಅನ್ನುವುದು ಬಿಟ್ಟರೆ ಬಾಯಲ್ಲಿ ಇನ್ನೇನು ಬರುತ್ತದೆ? ಅದರ ಮೇಲೆ ಕನ್ನಡದಲ್ಲಿ ಉದ್ದ ಪತ್ರ ಬರೆಯಬೇಕೆಂದರೆ ನನಗೆ ಅರ್ಧ ದಿನ ಬೇಕು. ಕಾನ್ವೆಂಟಿಗೆ ಕಳಿಸಿದವರು ನೀವೇ, ಅನುಭವಿಸಿ.

ಮೊದಲೇ ಒಂದು ಮಾತು. ನಿಮ್ಮ ಸಿಗರೇಟಿನ ಸುದ್ದಿ ಎತ್ತುವುದಿಲ್ಲ ಎಂದು ಮದುವೆಗೆ ಮುಂಚೆ ಆಣೆ ಮಾಡಿಸಿಕೊಂಡಿದ್ದೀರಿ, ನಮ್ಮ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲಿಸಿ. ನಾನು ಆಣೆ ಮುರಿಯುವವಳಲ್ಲ. ಇದು ಪೂರ್ತಿ ನಮ್ಮ ಮಾವನ ಹೊಗೆಸೊಪ್ಪಿನ ಕಥೆ. ಹೆದರದೆ ಓದಿ. (ಕೆಮ್ಮು ಹೇಗಿದೆ? ಕೆಮ್ಮಿನ ಬಗ್ಗೆ ಕೇಳಬಾರದೆಂದು ಆಣೆಯಲ್ಲಿ ಇರಲಿಲ್ಲ.)

ನಾನು ತುಂಬಾ ಚೆನ್ನಾಗಿದ್ದೇನೆ, ಅಪ್ಪಾಜಿ. ಇಷ್ಟು ಚೆನ್ನಾಗಿರುವುದು ಸರಿಯೋ ತಪ್ಪೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ! ಇವರು ಸಂಜೆ ಮಿಲ್ಲು ನಿಲ್ಲಿಸಿ ಬಂದಾಗ ತಲೆಯಿಂದ ಕಾಲಿನವರೆಗೆ ತೌಡು ಮೆತ್ತಿಕೊಂಡಿರುತ್ತಾರೆ. ಹುಬ್ಬು ಕೂಡ ಬೆಳ್ಳಗೆ. "ಬಂದ್ರಾ ಅಜ್ಜಾರೇ" ಅಂತ ನಾನು, "ಬಂದೆ ಅಜ್ಜಿ" ಅಂತ ಇವರು. ದಿನಾ ಅದೇ ಜೋಕು, ದಿನಾ ನಗುತ್ತೇವೆ. ಅತ್ತೆ ಅಡುಗೆ ಮನೆಯಿಂದ "ಏನ್ ನಗ್ತವಪ್ಪ ಇವು!" ಅಂದುಕೊಂಡು ತಾವೂ ನಗುತ್ತಾರೆ. ಇಷ್ಟು ಸಾಕು, ಉಳಿದದ್ದನ್ನು ಅಮ್ಮನಿಗೆ ಬರೆಯುತ್ತೇನೆ, ನೀವು ಓದಬಾರದು.

ಈಗ ಕಥೆ. ಶಿವರಾತ್ರಿಯ ಮರುದಿನ ಉಪವಾಸ ಮುಗಿಸಿ ಮಾವ ಊಟಕ್ಕೆ ಕೂತರು. ಲಿಂಗಪೂಜೆ ಮುಗಿಯದೆ ಅವರು ಒಂದು ಗುಟುಕು ನೀರೂ ಕುಡಿಯುವುದಿಲ್ಲ, ಅದು ನಿಮಗೂ ಗೊತ್ತು. ನಾನು ಬಿಸಿ ರೊಟ್ಟಿಯ ಮೇಲೆ ಅಮ್ಮ ಕಟ್ಟಿಕೊಟ್ಟಿದ್ದ ಗುರೆಳ್ಳು ಚಟ್ನಿಪುಡಿ ಹಾಕಿ, ಎಣ್ಣೆ ಬಿಟ್ಟು ಕೊಟ್ಟೆ. ಒಂದು ತುತ್ತು ಬಾಯಿಗೆ ಹೋಯಿತು. ಕಣ್ಣಲ್ಲಿ ಬಳಬಳ ನೀರು! ನನಗೋ ಹೆಮ್ಮೆ. "ನಮ್ಮ ಅಮ್ಮನ ಕೈರುಚಿ ಅಂದ್ರೆ ಹಾಗೇ ಮಾವ, ಎಲ್ಲರಿಗೂ ಕಣ್ಣು ತುಂಬುತ್ತೆ" ಅಂದೆ. ಅತ್ತೆ ಮಾತ್ರ ಮಾವನ ಮುಖವನ್ನೇ ನೋಡುತ್ತಿದ್ದರು. ಎದ್ದು ಹೋಗಿ ಟಾರ್ಚ್ ತಂದರು.

"ಎಲ್ಲಿ, ಬಾಯಿ ತೆಗೀರಿ."

"ನಾನೇನು ಎತ್ತೇನೇ ಜಗದಾಂಬ, ಹಲ್ಲು ನೋಡಾಕೆ?"

"ಎತ್ತಾಗಿದ್ರೆ ಯಾವತ್ತೋ ಸಂತೆಗೆ ಹೊಡೀತಿದ್ದೆ. ತೆಗೀರಿ ಅಂದೆ."

ನಾನೂ ಇಣುಕಿದೆ. ಎಡಗೆನ್ನೆಯ ಒಳಗೆ, ಕೆಳಗಿನ ದವಡೆಯ ಪಕ್ಕ, ಯಾರೋ ವಿಭೂತಿಯ ಬೆರಳು ಒರೆಸಿದ ಹಾಗೆ ಬೆಳ್ಳನೆಯ ಕಲೆ. ನಲವತ್ತು ವರ್ಷದಿಂದ ಅವರು ಹೊಗೆಸೊಪ್ಪು ಒತ್ತರಿಸಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಅತ್ತೆ ಟಾರ್ಚ್ ಆರಿಸಿದರು. ಆಮೇಲೆ ಯಾರೂ ರೊಟ್ಟಿ ಮುಟ್ಟಲಿಲ್ಲ.

ಸೊರಬದಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದಾರೆ, ಇವರಿಗಿಂತ ಚಿಕ್ಕವರು, ಮೀಸೆ ಕೂಡ ಸರಿಯಾಗಿ ಬಂದಿಲ್ಲ. ಮಾವ ಕುರ್ಚಿಯಲ್ಲಿ ಮಲಗಿಕೊಂಡೇ "ತಮ್ಮಾ, ನಿನ್ನ ಹಲ್ಲು ಎಲ್ಲಾ ಬಂದಾವಾ?" ಅಂತ ಕೇಳಿದರು. ಡಾಕ್ಟರ್ ನಕ್ಕರು, ಆದರೆ ಕಲೆ ನೋಡಿದ ಮೇಲೆ ನಗಲಿಲ್ಲ. "ಇದು ಕ್ಯಾನ್ಸರ್ ಅಂತ ನಾನು ಹೇಳೋದಿಲ್ಲ ಯಜಮಾನರೇ. ಆದರೆ ಹೀಗೇ ಬಿಟ್ಟರೆ ಆಗೋದಿಲ್ಲ ಅಂತಲೂ ಹೇಳೋದಿಲ್ಲ. ಆರು ವಾರ ಹೊಗೆಸೊಪ್ಪು ಮುಟ್ಟದೆ ಬನ್ನಿ. ಕಲೆ ಕರಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಶಿವಮೊಗ್ಗದಲ್ಲಿ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು" ಎಂದರು. ವಾಪಸ್ ಬಂದವರೇ ಮಾವ ಹೊಗೆಸೊಪ್ಪಿನ ಸಂಚಿಯನ್ನು ಅತ್ತೆಯ ಕೈಗೆ ಕೊಟ್ಟರು, ಅತ್ತೆ ಅದನ್ನು ಅಟ್ಟಕ್ಕೆ ಹಾಕಿದರು.

ಮೂರು ದಿನ ಹೊಗೆಸೊಪ್ಪು ಬಿಟ್ಟರು. ಆ ಮೂರು ದಿನ ಹೇಗಿತ್ತು ಎಂದು ಹೇಗೆ ಬರೆಯಲಿ! ಮಿಲ್ಲಿನ ಬೆಲ್ಟಿಗೆ ಬೈದರು, ಬೆಕ್ಕಿಗೆ ಬೈದರು, ಕುಪ್ಪಗಡ್ಡೆಯವರ ಅಕ್ಕಿಯನ್ನು ಹೊಸಬಾಳೆಯವರ ಚೀಲಕ್ಕೆ ತುಂಬಿಸಿ ಕಳಿಸಿದರು, ವಿಭೂತಿ ಗೆರೆ ಸೊಟ್ಟಗಾಗುತ್ತಿದೆ ಎಂದು ಹಚ್ಚಿಕೊಳ್ಳುವುದಕ್ಕೂ ಅತ್ತೆಯನ್ನು ಕರೆದರು. ನಾಲ್ಕನೆಯ ದಿನ ಅತ್ತೆಯೇ ಅಟ್ಟದಿಂದ ಸಂಚಿ ಇಳಿಸಿ ಮುಂದಿಟ್ಟರು. "ತಗಳ್ರಿ. ಈ ಅವತಾರ ನೋಡಾಕಾಗಲ್ಲ" ಎಂದು ಹೇಳಿ ಒಳಗೆ ಹೋಗಿ ಅತ್ತರು.

ಆಗ ನೆನಪಾದದ್ದು ಸರ್ವಮಂಗಳಕ್ಕನ ಗಂಡ. ಇವರ ಭಾವ, ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರಲ್ಲ, ನಮ್ಮ ಮದುವೆಯಲ್ಲಿ ದಿನವಿಡೀ ಏನೋ ಅಗಿಯುತ್ತಿದ್ದರಲ್ಲ! ಅದು ಸಿಗರೇಟು ಬಿಡುವವರಿಗೆಂದು ಮಾಡಿದ ನಿಕೋಟಿನ್ ಚೂಯಿಂಗ್ ಗಮ್ಮು. ಅವರು ವಾಪಸ್ ಹೋಗುವಾಗ ಉಳಿದ ಡಬ್ಬಿಗಳು ಸೊರಬದಲ್ಲಿ ಅಕ್ಕನ ಬೀರುವಿನಲ್ಲೇ ಇದ್ದವು. ಇವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು, ತಂದೆವು, ದಾರಿಯಲ್ಲಿ ಡಾಕ್ಟರಿಗೂ ತೋರಿಸಿದೆವು. ಅವರು ಡಬ್ಬಿಯನ್ನು ತಿರುಗಿಸಿ ನೋಡಿ ಹೀಗೆ ಹೇಳಿದರು: ಮನುಷ್ಯನನ್ನು ಹಿಡಿದಿಡುವುದು ನಿಕೋಟಿನ್, ಬಾಯಿಯನ್ನೂ ಎದೆಯನ್ನೂ ಹಾಳು ಮಾಡುವುದು ಹೆಚ್ಚಾಗಿ ಹೊಗೆಸೊಪ್ಪಿನಲ್ಲಿ, ಹೊಗೆಯಲ್ಲಿ ಇರುವ ಬೇರೆ ವಿಷಗಳು. ಇದರಲ್ಲಿ ಆ ವಿಷ ಇಲ್ಲ, ಹಿಡಿತ ಮಾತ್ರ ಇದೆ. ಹಾಗೆಂದು ಇದೇನು ಕಲ್ಲುಸಕ್ಕರೆಯಲ್ಲ, ಮೆಲ್ಲಗೆ ಇದನ್ನೂ ಇಳಿಸಿ ಬಿಡಬೇಕು. "ಒಳಗಿರೋ ಕಾಗದ ಪೂರ್ತಿ ಓದಿ, ಅದರ ಪ್ರಕಾರ ಮಾಡಿಸಿ" ಎಂದರು.

ಕಾಗದ ಇದ್ದದ್ದು ಇಂಗ್ಲಿಷಿನಲ್ಲಿ ಮತ್ತು ಅರಬ್ಬಿಯಲ್ಲಿ. ಮನೆಯವರೆಲ್ಲ ನನ್ನ ಕಡೆ ತಿರುಗಿದರು. ಅಪ್ಪಾಜಿ, ನೀವು ಕಟ್ಟಿದ ಫೀಸೆಲ್ಲ ಸಾರ್ಥಕವಾದ ಗಳಿಗೆ! ಜಗಲಿಯ ಮೇಲೆ ನಿಂತು, ಸ್ಕೂಲ್ ಡೇ ದಿನ ಭಾಷಣ ಮಾಡುವ ಹಾಗೆ, ಒಂದೊಂದು ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಹೊಗೆಸೊಪ್ಪು ಬೇಕೆನ್ನಿಸಿದಾಗ ಒಂದು ಅಗಿಯಿರಿ, ದಿನಕ್ಕೆ ಇಷ್ಟು ಮೀರಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಮಾವ ಕೈಮುಗಿದು ಕೇಳಿದರು. ಅತ್ತೆ "ನಮ್ಮ ಸೊಸೆ ಅರಬ್ಬಿನೂ ಓದ್ತಾಳೇನೋ" ಎಂದರು.

ಆಮೇಲಿನ ಎರಡು ವಾರ? ಮಾವ ಅದನ್ನು ಎಲೆ ಅಡಿಕೆಯಂತೆ ಅಗಿದರು. ಎಲೆಗೆ ಸುಣ್ಣ ಹಚ್ಚಿ, ಅದರೊಳಗೆ ಗಮ್ಮು ಇಟ್ಟು, ಮಡಿಚಿ, ಕಚಕಚ ಅಗಿದು, ರಸವನ್ನೆಲ್ಲ ಮಿಲ್ಲಿನ ಹೊರಗೆ ಪಿಚಕ್ಕೆಂದು ಉಗುಳಿದರು. ಐದು ನಿಮಿಷಕ್ಕೆ "ಇದ್ರಾಗೆ ಏನೂ ಇಲ್ಲ ಮಗಾ, ಬರೀ ರಬ್ಬರು" ಎಂದು ತೆಗೆದು ಎಲ್ಲೋ ಅಂಟಿಸಿದರು. ಒಂದು ಪೂಜೆಯ ಮಣೆಯ ಅಡಿಯಲ್ಲಿ ಸಿಕ್ಕಿತು, ಆ ದಿನ ಅತ್ತೆ ಕುಣಿದ ಕುಣಿತ ನೀವು ನೋಡಬೇಕಿತ್ತು. ಇನ್ನೊಂದು ಇವರ ಪ್ಯಾಂಟಿಗೆ.

ನಾನು ನಗುತ್ತಲೇ ಇದ್ದೆ. ನಗು ನಿಂತದ್ದು ಒಂದು ಮಧ್ಯಾಹ್ನ. ಮಿಲ್ಲಿಗೆ ಊಟ ತೆಗೆದುಕೊಂಡು ಹೋದೆ, ಭತ್ತದ ಚೀಲಗಳ ಸಾಲಿನ ಹಿಂದೆ ಮಾವ ಒಬ್ಬರೇ ಕುಕ್ಕರಗಾಲಲ್ಲಿ ಕೂತಿದ್ದರು. ಅಂಗೈಯಲ್ಲಿ ಹೊಗೆಸೊಪ್ಪು. ಕಂಡರೆ ಜಡೆ ಊರಿನಲ್ಲಿ ಎಲ್ಲರೂ ಎದ್ದು ನಿಲ್ಲುವ ಮಾವ ಉಜ್ಜಪ್ಪನವರು ನನ್ನನ್ನು ನೋಡಿ ಕೈ ಮುಚ್ಚಿಕೊಂಡರು.

"ಯಾರಿಗೂ ಹೇಳಬ್ಯಾಡ ಮಗಾ. ನಿಮ್ಮತ್ತೆಗೆ ಹೇಳಬ್ಯಾಡ."

"ಎಷ್ಟು ದಿನದಿಂದ ಮಾವ?"

"ಎಲ್ಲಿ ಬಿಟ್ಟಿದ್ದೆ, ಲೆಕ್ಕ ಇಡಾಕೆ? ನಿನ್ನ ರಬ್ಬರು ನನ್ನ ಕೈಲಿ ಆಗ್ಲಿಲ್ಲವ್ವ. ಕತ್ತರಿಸ್ತಾರೋ ಏನ್ ಮಾಡ್ತಾರೋ ಮಾಡ್ಲಿ."

ಆ ಧ್ವನಿ ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಮನೆಗೆ ಬಂದು ಡಬ್ಬಿಯಿಂದ ಆ ಕಾಗದ ಎಳೆದೆ, ಹರಿದು ಹಾಕೋಣ ಎಂದು. ಹರಿಯಲು ಬಿಡಿಸಿದಾಗ ಕಂಡಿತು: ಹಿಂಬದಿಯಲ್ಲೂ ಅಚ್ಚಾಗಿದೆ! ಅಪ್ಪಾಜಿ, ನಾನು ಭಾಷಣದ ಉತ್ಸಾಹದಲ್ಲಿ ಹಾಳೆಯನ್ನು ತಿರುಗಿಸಿಯೇ ಇರಲಿಲ್ಲ. ಹೇಗೆ ಅಗಿಯಬೇಕು ಎನ್ನುವುದೆಲ್ಲ ಹಿಂದೆ ಇತ್ತು. ಖಾರ ಹತ್ತುವವರೆಗೆ ಮೆಲ್ಲಗೆ ನಾಲ್ಕು ಸಲ ಅಗಿದು, ಕೆನ್ನೆಗೂ ವಸಡಿಗೂ ನಡುವೆ ಇಟ್ಟು ಸುಮ್ಮನಿರಬೇಕು. ಖಾರ ಇಳಿದ ಮೇಲೆ ಮತ್ತೆ ಅಗಿದು, ಜಾಗ ಬದಲಿಸಿ ಇಡಬೇಕು. ಉಗುಳಬಾರದು. ಅರ್ಧ ಗಂಟೆ ಹೀಗೆ. ಪರೀಕ್ಷೆಯಲ್ಲಿ ಕೂಡ ನಾನು ಇದೇ ತಪ್ಪು ಮಾಡುತ್ತಿದ್ದೆ, ನಿಮಗೆ ನೆನಪಿರಬೇಕು. ಆದರೆ ಆಗ ಹೋಗುತ್ತಿದ್ದದ್ದು ನನ್ನ ಮಾರ್ಕು ಮಾತ್ರ. ಈಗ ಮಾವನ ಆರು ವಾರದಲ್ಲಿ ಎರಡು ವಾರಕ್ಕಿಂತ ಹೆಚ್ಚು ನನ್ನಿಂದಾಗಿ ಹೋಗಿತ್ತು.

ಓಡಿದೆ. ಸೊಸೆ ಸೆರಗು ಹಾರಿಸಿಕೊಂಡು ಬೀದಿಯಲ್ಲಿ ಓಡಿದಳು ಎಂದು ಊರೆಲ್ಲ ಇನ್ನೂ ಹೇಳುತ್ತಿದ್ದಾರೆ. ಮಾವನ ಮುಂದೆ ನಿಂತು ತಪ್ಪೊಪ್ಪಿಕೊಂಡು, "ಇದು ಲೋಳೆಪೊರೆಯ ಮೂಲಕ ರಕ್ತಕ್ಕೆ..." ಎಂದು ಶುರು ಮಾಡಿದೆ. ಮಾವ ನನ್ನ ಮುಖ ನೋಡಿದರು, ಚಾವಣಿ ನೋಡಿದರು. ಆ ಕಡೆ ನುಚ್ಚು ಜರಡಿ ಹಿಡಿಯುತ್ತಿದ್ದ ಮಿಲ್ಲಿನ ಕೆಲಸದ ತಿಮ್ಮಮ್ಮ ಕಿಸಕ್ಕನೆ ನಕ್ಕಳು. ಅವಳ ಬಾಯಲ್ಲೂ ಯಾವಾಗಲೂ ಹೊಗೆಸೊಪ್ಪು ಇರುತ್ತದೆ.

"ಅಲ್ರೀ ಯಜಮಾನ್ರೇ, ನಲವತ್ತು ವರ್ಷ ಸೊಪ್ಪು ಹಾಕ್ಯಂಡೀರಿ, ಅಷ್ಟೂ ಗೊತ್ತಾಗಲಿಲ್ಲೇನು? ಸೊಪ್ಪನ್ನ ಯಾರಾದ್ರೂ ಕಚಕಚ ಅಗೀತಾರಾ? ದವಡೆಗೆ ಒತ್ತರಿಸಿ ಇಡ್ತೀವಿ, ಸುಮ್ನೆ ಕುಂತಿರ್ತೀವಿ. ಸಣ್ಣಮ್ಮಾರು ಹೇಳಾದೂ ಅದನ್ನೇ. ಇದನ್ನ ಎಲೆ ಅಡಿಕೆ ಅನ್ಕಾಬ್ಯಾಡ್ರಿ, ಸೊಪ್ಪು ಅನ್ಕಳ್ರಿ."

ಅಷ್ಟೇ! ನನ್ನ ಹನ್ನೆರಡು ವರ್ಷದ ಇಂಗ್ಲಿಷ್ ಮೀಡಿಯಂ ಮಾಡದ್ದನ್ನು ತಿಮ್ಮಮ್ಮ ಜರಡಿ ಕೆಳಗಿಡದೆ ಮಾಡಿದಳು. ಮಾವ ಒಂದು ಗಮ್ಮನ್ನು ನಾಲ್ಕು ಸಲ ಅಗಿದು, ಬಲಗಡೆಯ ದವಡೆಗೆ ಒತ್ತರಿಸಿ, ಕಣ್ಣು ಮುಚ್ಚಿ ಕೂತರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದರು. "ಐತೆ. ಒಳಗೆ ಏನೋ ಐತೆ" ಎಂದರು. ತಿಮ್ಮಮ್ಮ "ನಂಗೊಂದು ಕೊಡ್ರಿ ಮತ್ತೆ, ನನ್ ಬಾಯಿ ಯಾರು ನೋಡ್ತಾರೆ" ಎಂದು ನಗುತ್ತಲೇ ಹೇಳಿದಳು. ನಾನು ಮನೆಯಿಂದ ಟಾರ್ಚ್ ತಂದು ಅವಳ ಬಾಯಿಯನ್ನೂ ನೋಡಿದೆ. ನನಗೆ ಕಂಡ ಮಟ್ಟಿಗೆ ಕಲೆ ಇಲ್ಲ. ಆದರೂ ಅವಳಿಗೂ ದಿನಕ್ಕಿಷ್ಟು ಎಂದು ಮಾವನೇ ಎತ್ತಿಡುತ್ತಿದ್ದಾರೆ.

ಇನ್ನೊಂದು ತೊಡಕಿತ್ತು. ಮಿಲ್ಲಿಗೆ ಭತ್ತ ತಂದವರಿಗೆ ಎಲೆ ಅಡಿಕೆಯ ತಟ್ಟೆ ಇಡುವುದು ಇಲ್ಲಿನ ಪದ್ಧತಿ, ತಟ್ಟೆಯ ಅಂಚಿನಲ್ಲಿ ಹೊಗೆಸೊಪ್ಪೂ ಇರುತ್ತದೆ. ಯಜಮಾನ ಮೊದಲು ಬಾಯಿಗೆ ಹಾಕಬೇಕು. ಅವನು ಹಾಕದೆ ತಟ್ಟೆ ಸರಿಸಿದರೆ ಬಂದವರು ಮುಟ್ಟುವುದಿಲ್ಲ, ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾರೆ ಎಂದುಕೊಂಡು ಮುಂದಿನ ಸಲ ಬೇರೆ ಮಿಲ್ಲಿಗೆ ಹೋಗುತ್ತಾರೆ. ಮಾವ ಸೋತು ಹೋಗುತ್ತಿದ್ದದ್ದು ಅಲ್ಲೇ. ಅತ್ತೆ ಉಪಾಯ ಮಾಡಿದರು. ತಟ್ಟೆಯ ಅಂಚಿನಲ್ಲಿ ಹೊಗೆಸೊಪ್ಪು ಇದ್ದ ಕಡೆ ಮಸ್ಕತ್ ಗಮ್ಮು ಇಟ್ಟು ಕಳಿಸಿದರು. ಮಾವ ಗಂಭೀರವಾಗಿ ಎತ್ತಿ ಬಾಯಿಗೆ ಹಾಕಿಕೊಂಡು ತಟ್ಟೆ ಸರಿಸುತ್ತಾರೆ, ಮರ್ಯಾದೆ ಉಳಿಯಿತು.

ಹೊಸಬಾಳೆಯ ಚೌಡಪ್ಪನವರು ಒಬ್ಬರು ಮಾತ್ರ ಬಿಡಲಿಲ್ಲ. "ಎಂಥದ್ರೀ ಅದು ಬೆಳ್ಳಗೆ? ಬರೀ ನಿಮಗೇನಾ?" ಎಂದು ಒಂದನ್ನು ತೆಗೆದುಕೊಂಡು, ಮಾವ "ಹಂಗಲ್ಲ, ಹಂಗಲ್ಲ" ಅನ್ನುವುದರೊಳಗೆ ಬಿರಬಿರನೆ ಅಗಿದು ರಸವನ್ನೆಲ್ಲ ನುಂಗಿದರು. ಅವರ ಆರು ಚೀಲ ಭತ್ತ ಅಕ್ಕಿಯಾಗುವ ತನಕ ಬಿಕ್ಕಳಿಕೆ! ಮಿಲ್ಲಿನ ಸದ್ದಿನ ಮೇಲೂ ಕೇಳುತ್ತಿತ್ತು. "ಉಜ್ಜಪ್ಪ, ಹಿಕ್, ಏನ್ ವಿಷ ಹಾಕ್ದೆ, ಹಿಕ್." ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವರಾತ್ರಿಯ ನಂತರ ಅವರು ಹಾಗೆ ನಕ್ಕದ್ದು ಅದೇ ಮೊದಲು. ಇವರು ಮೋಟಾರಿನ ಹತ್ತಿರ ನಿಂತಿದ್ದವರು ನನ್ನ ಕಡೆ ನೋಡಿದರು, ಆ ನೋಟಕ್ಕೆ ನಾನು ಇನ್ನೊಂದು ಸಲ ಮದುವೆಯಾಗಲು ತಯಾರು.

ಯುಗಾದಿಯ ಬೇವು ಬೆಲ್ಲವನ್ನು ಮಾವ ಕಣ್ಣೀರಿಲ್ಲದೆ ತಿಂದರು. ಎರಡು ವಾರ ಕೈಬಿಟ್ಟು ಹೋಗಿತ್ತಲ್ಲ, ಹಾಗಾಗಿ ಡಾಕ್ಟರಿಗೆ ಫೋನು ಮಾಡಿ ಒಂದು ವಾರ ಮುಂದೆ ಹಾಕಿಸಿಕೊಂಡೆವು. ಮೊನ್ನೆ ಶುಕ್ರವಾರ ಎಲ್ಲರೂ ಸೊರಬಕ್ಕೆ ಹೋದೆವು. ಅತ್ತೆ ಕುರ್ಚಿಯ ಪಕ್ಕದಲ್ಲೇ ನಿಂತು ಪಂಚಾಕ್ಷರಿ ಜಪಿಸುತ್ತಿದ್ದರು. ಡಾಕ್ಟರ್ ಬಹಳ ಹೊತ್ತು ನೋಡಿದರು. ಕನ್ನಡಿ ಹಿಡಿದು ಮಾವನಿಗೂ ತೋರಿಸಿದರು. ಕಲೆ ಮುಕ್ಕಾಲು ಪಾಲು ಹೋಗಿದೆ, ಅಪ್ಪಾಜಿ! ಅಂಚಿನಲ್ಲಿ ಒಂದು ಅಕ್ಕಿಕಾಳಿನಷ್ಟು ಉಳಿದಿದೆ. ಈಗ ಕತ್ತರಿಸುವುದು ಬೇಡ, ತಿಂಗಳು ಬಿಟ್ಟು ಮತ್ತೆ ತೋರಿಸಿ, ಅದೂ ಹೋಗದಿದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂದಿದ್ದಾರೆ. ದಿನದ ಗಮ್ಮಿನ ಲೆಕ್ಕವನ್ನು ವಾರಕ್ಕೆ ಒಂದೊಂದರಂತೆ ಇಳಿಸುತ್ತಾ ಬರಬೇಕಂತೆ. ಆಮೇಲೆ ಮೆಲ್ಲಗೆ, "ಅಡಿಕೆಯನ್ನೂ ಬಿಟ್ಟರೆ ಬಾಯಿಗೆ ಇನ್ನೂ ಒಳ್ಳೇದು" ಎಂದರು.

ಮಾವ ಕುರ್ಚಿಯಿಂದ ಎದ್ದೇ ಬಿಟ್ಟರು. "ಡಾಕ್ಟ್ರೇ, ಸೊರಬದಾಗೆ ಕುಂತು ಅಡಿಕೆ ಬಿಡಿ ಅಂತೀರಲ್ಲ, ನಿಮಗೆ ಈ ಊರಾಗೆ ಕ್ಲಿನಿಕ್ಕು ನಡೀಬೇಕೋ ಬ್ಯಾಡವೋ?" ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ಆದರೆ ನಿನ್ನೆ ಮತ್ತು ಇವತ್ತು ಮಾವ ಅಡಿಕೆ ಹಾಕಿಲ್ಲ. ಯಾರೂ ಗಮನಿಸಿಲ್ಲವೆಂದು ಅವರು ತಿಳಿದಿದ್ದಾರೆ, ನಾವೂ ಗಮನಿಸಿಲ್ಲದವರ ಹಾಗೆ ಇದ್ದೇವೆ.

ಅತ್ತೆ ಕರೆಯುತ್ತಿದ್ದಾರೆ, ಹಪ್ಪಳ ಒಣಗಿಸಲು ಮಾಳಿಗೆಗೆ ಹೋಗಬೇಕು. ಅತ್ತೆ ಮಾವ ನಿಮಗೂ ಅಮ್ಮನಿಗೂ ಶರಣು ಹೇಳಿದ್ದಾರೆ. "ಬೀಗರಿಗೆ ಬರಿ, ನಿಮ್ಮ ಮಗಳು ನನ್ನ ಬಾಯಿ ಕಾದಳು ಅಂತ" ಎಂದು ಮಾವ ಹೇಳಿದರು. ಅರ್ಧ ಕಾದದ್ದು ತಿಮ್ಮಮ್ಮ, ಅದನ್ನು ನಾನು ಬರೆಯುತ್ತೇನೆ. ಇವರೂ ನಮಸ್ಕಾರ ಹೇಳಿದ್ದಾರೆ. ನಮ್ಮಿಬ್ಬರ ತಲೆಯ ಮೇಲೂ ಅಲ್ಲಿಂದಲೇ ಕೈ ಇಡಿ. ನನ್ನದು ಎಡಗಡೆಯ ತಲೆ.

ಇಂತಿ ನಿಮ್ಮ ಮುದ್ದಿನ,
ಗಂಗಾಶ್ರೀ

ಮ.ಬಾ.: ಆಣೆ ಮುರಿಯುತ್ತಿದ್ದೇನೆ, ಅಪ್ಪಾಜಿ. ಕ್ಷಮಿಸಿ.

ಮದುವೆಯ ದಿನ ನನ್ನನ್ನು ಒಪ್ಪಿಸಿಕೊಡುವಾಗ ನೀವು ಇರಲಿಲ್ಲ. ಚಿಕ್ಕಪ್ಪ ಕೈ ಹಿಡಿದು ಕೊಟ್ಟರು. ಬಸ್ಸಿನ ಕಿಟಕಿಯಿಂದ ಕಲ್ಯಾಣ ಮಂಟಪದ ಬಾಗಿಲಿನ ತನಕ ಹುಡುಕಿದೆ, ಕಾಣಲಿಲ್ಲ. "ನಿಮ್ಮಪ್ಪ ಮಗಳು ಹೋಗೋದನ್ನ ನೋಡಲಾರದೆ ಅವಿತುಕೊಂಡಿದ್ದಾನೆ" ಎಂದು ಎಲ್ಲರೂ ಹೇಳಿದರು. ನಾನು ಇಲ್ಲಿಗೆ ಬಂದ ಮೇಲೂ ಅದನ್ನೇ ಹೆಮ್ಮೆಯಿಂದ ಹತ್ತು ಜನರಿಗೆ ಹೇಳಿದ್ದೇನೆ.

ಶುಕ್ರವಾರ ಡಾಕ್ಟರ ಹತ್ತಿರದಿಂದ ಬರುವಾಗ ಇವರು ತಡೆಯಲಾರದೆ ಹೇಳಿದರು. ನೀವು ಮಂಟಪದ ಹಿಂದೆ, ನೀರಿನ ತೊಟ್ಟಿಯ ಗೋಡೆ ಹಿಡಿದುಕೊಂಡು ಕೆಮ್ಮುತ್ತಿದ್ದಿರಂತೆ. ಕೈಯಲ್ಲಿ ಸಿಗರೇಟು ಉರಿಯುತ್ತಲೇ ಇತ್ತಂತೆ. ಇವರನ್ನು ನೋಡಿ, ಮಾತಾಡಲು ಉಸಿರಿಲ್ಲದೆ, ಗಂಗಾಗೆ ಹೇಳಬೇಡ ಎಂದು ಕೈಸನ್ನೆ ಮಾಡಿದಿರಂತೆ. ಅಳಿಯ ನಿಮಗೆ ಕೊಟ್ಟ ಮಾತನ್ನು ಎರಡು ತಿಂಗಳು ಉಳಿಸಿಕೊಂಡರು. ಅವರ ಮೇಲೆ ಸಿಟ್ಟು ಮಾಡಬೇಡಿ.

ಬಾಯಿಗೆ ಹಿಡಿದಿದ್ದ ಕರ್ಚೀಫಿನಲ್ಲಿ ಕೆಂಪಗೆ ಇತ್ತು ಎಂದರು. ಆ ದಿನ ಎಲ್ಲರ ಕರ್ಚೀಫಿನಲ್ಲೂ ಕುಂಕುಮ ಇತ್ತು. ಅದು ಕುಂಕುಮವೇ ಆಗಿದ್ದರೆ ಒಂದು ಸಾಲು ಬರೆಯಿರಿ. ಆಗಿಲ್ಲದಿದ್ದರೆ ಬರೆಯಬೇಡಿ. ಬರುವ ಏಳನೇ ತಾರೀಕು, ಬುಧವಾರ ಬೆಳಿಗ್ಗೆಯ ಬಸ್ಸಿಗೆ ಇವರು ಶಿಕಾರಿಪುರಕ್ಕೆ ಬರುತ್ತಾರೆ, ಶಿವಮೊಗ್ಗದ ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು. ನಾನೂ ಜೊತೆಗೆ ಇರುತ್ತೇನೆ. ಅಂಗಡಿಗೆ ಬೀಗ ಹಾಕಿ, ಬಾಗಿಲಲ್ಲಿ ನಿಂತಿರಿ ಅಪ್ಪಾಜಿ. ಈ ಸಲ ಕಿಟಕಿಯಿಂದ ನೋಡಿದಾಗ ನೀವು ಕಾಣಬೇಕು.